ಸಹಿ ಹಾಕುವ ಮೊದಲು ಮುಚ್ಚಿದ ಅಂಗಡಿಯವರನ್ನು ಕೇಳಿ

ಹೆಸರಾಂತ ಕಂಪನಿಯೊಂದರ ಬೋರ್ಡು ಹಾಕಿ ನಿಮ್ಮೂರಿನಲ್ಲಿ ಅಂಗಡಿ ತೆರೆಯಲು ಹೊರಟಿದ್ದೀರಾ? ಜಮೀನು ಮಾರಿದ ದುಡ್ಡನ್ನೋ ಅಪ್ಪನ ನಿವೃತ್ತಿಯ ಗಂಟನ್ನೋ ಅದಕ್ಕೆ ಹಾಕುತ್ತಿದ್ದೀರಾ? ಹಾಗಾದರೆ ದಯವಿಟ್ಟು ಇದನ್ನು ಓದಿ.

ನನ್ನ ಚಿಕ್ಕಪ್ಪನ ಮಗ ತಿಂಡಿ ಅಂಗಡಿಯೊಂದರ ಫ್ರಾಂಚೈಸಿ ತೆಗೆದುಕೊಂಡ. ಒಂದೂವರೆ ವರ್ಷದಲ್ಲಿ ಬಂಡವಾಳ ವಾಪಸ್ಸು ಬರುತ್ತದೆ ಎಂದು ಕಂಪನಿಯವರು ಬಾಯಿಮಾತಿನಲ್ಲಿ ಹೇಳಿದ್ದರು. ವರ್ಷ ತುಂಬುವ ಮೊದಲೇ ಅರ್ಧ ಕಿಲೋಮೀಟರ್ ದೂರದಲ್ಲಿ ಅದೇ ಬೋರ್ಡಿನ ಇನ್ನೊಂದು ಅಂಗಡಿ ಬಂತು. ಒಪ್ಪಂದ ತೆಗೆದು ನೋಡಿದರೆ ಪ್ರದೇಶದ ಹಕ್ಕಿನ ಮಾತೇ ಇಲ್ಲ. ಬರೆದಿದ್ದನ್ನು ಬಿಟ್ಟು ಬೇರೆ ಯಾವ ಮಾತಿಗೂ ಕಂಪನಿ ಹೊಣೆಯಲ್ಲ ಎಂಬ ಸಾಲು ಮಾತ್ರ ಕೊನೆಯ ಪುಟದಲ್ಲಿತ್ತು. ದಾವೆ ಹೂಡಬೇಕೆಂದರೆ ದೆಹಲಿಗೆ ಹೋಗಬೇಕಿತ್ತು. ಅವನು ಹೋಗಲಿಲ್ಲ, ಅಂಗಡಿ ಮುಚ್ಚಿದ. ಸಾಲ ಇನ್ನೂ ತೀರಿಲ್ಲ.

ಫ್ರಾಂಚೈಸಿಗೆಂದೇ ನಮ್ಮ ದೇಶದಲ್ಲಿ ಒಂದು ಕಾಯ್ದೆ ಇಲ್ಲ. ಅಮೆರಿಕದಲ್ಲಿ 1979ರಿಂದಲೇ ನಿಯಮವಿದೆ. ಕಂಪನಿಯ ಮೇಲಿರುವ ವ್ಯಾಜ್ಯಗಳು, ಮುಚ್ಚಿಹೋದ ಅಂಗಡಿಗಳ ಲೆಕ್ಕ, ಹಳೆಯ ಫ್ರಾಂಚೈಸಿಗಳ ವಿಳಾಸ ಎಲ್ಲವನ್ನೂ ಈಗ ಸಹಿಗೆ 14 ದಿನ ಮೊದಲೇ ಕೈಗಿಡಬೇಕು. ಮಲೇಷ್ಯಾ 1998ರಲ್ಲೇ ಪ್ರತ್ಯೇಕ ಕಾಯ್ದೆ ತಂದಿತು. ನಾವು ಮಾತ್ರ 1872ರ ಕರಾರು ಕಾಯ್ದೆಯನ್ನೇ ನೆಚ್ಚಿಕೊಂಡಿದ್ದೇವೆ.

ಆ ಹಳೆಯ ಕಾಯ್ದೆಯೂ ನಿಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದರೆ 19ನೇ ಕಲಮಿನಡಿ ಕರಾರನ್ನು ರದ್ದುಪಡಿಸಿಕೊಳ್ಳಬಹುದು. ಆದರೆ ಸುಳ್ಳನ್ನು ಸಾಬೀತು ಮಾಡಬೇಕಾದವರು ನೀವು. ಅದಕ್ಕೇ ಬೇಡಿಕೊಳ್ಳುತ್ತೇನೆ: ಲಾಭದ ಅಂದಾಜನ್ನು ಇಮೇಲಿನಲ್ಲಿ ತರಿಸಿಕೊಳ್ಳಿ, ಎಷ್ಟು ದೂರದೊಳಗೆ ಇನ್ನೊಂದು ಅಂಗಡಿ ಕೊಡುವುದಿಲ್ಲ ಎಂಬುದನ್ನು ಕರಾರಿನಲ್ಲೇ ಬರೆಸಿ. ಅವಧಿ ಮುಗಿದ ಮೇಲೂ ಅದೇ ವ್ಯಾಪಾರ ಮಾಡಕೂಡದು ಎಂಬ ಷರತ್ತು 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅವಧಿಯೊಳಗಿನ ನಿರ್ಬಂಧ ಬೇರೆ ಮಾತು, 1995ರಲ್ಲಿ ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ದಂಡವೆಂದು ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ನ್ಯಾಯಯುತ ಪರಿಹಾರವನ್ನಷ್ಟೇ. ಏಕೈಕ ಮಧ್ಯಸ್ಥಗಾರನನ್ನು ಕಂಪನಿಯೇ ನೇಮಿಸುವಂತಿಲ್ಲ ಎಂಬುದು 2019ರ ತೀರ್ಪು. ಮೂರು ಲಕ್ಷ ರೂಪಾಯಿಗೂ ಮೇಲಿನ ಫ್ರಾಂಚೈಸಿ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಬರುತ್ತದೆ. ತುರ್ತು ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ರಾಜಿ ಸಂಧಾನ ಕಡ್ಡಾಯ. ಹಾಗೆಯೇ ದಾವೆ ಯಾವ ಊರಿನಲ್ಲಿ ನಡೆಯಬೇಕು ಎಂಬ ಸಾಲನ್ನು ಎರಡು ಸಲ ಓದಿ. ದೂರದ ಊರಿದ್ದರೆ ಬದಲಿಸಲು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ದುಡ್ಡು ಹಾಕುತ್ತಿರುವವರು ನೀವು.

ಸಹಿಗೆ ಮುನ್ನ ಎಲ್ಲ ವಿವರ ಬಹಿರಂಗಪಡಿಸುವ ಕಾಯ್ದೆ ಬೇಕೆಂದು ನಿಮ್ಮ ಸಂಸದರಿಗೆ ಬರೆಯಿರಿ. ನಾನೂ ಬರೆದಿದ್ದೇನೆ.

ಇನ್ನು ಫ್ರಾಂಚೈಸಿ ತೆಗೆದುಕೊಂಡು ಸೋತವರಲ್ಲಿ ನನ್ನದೊಂದು ವಿನಂತಿ. ನಾಚಿಕೆಯಿಂದ ನೀವು ಸುಮ್ಮನಿದ್ದೀರಿ ಎಂದು ಬಲ್ಲೆ. ನಮ್ಮ ಮನೆಯಲ್ಲೂ ಎರಡು ವರ್ಷ ಆ ಅಂಗಡಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆದರೆ ಕಾನೂನು ಬರುವ ತನಕ ಹೊಸಬರಿಗೆ ನಿಜದ ಲೆಕ್ಕ ಸಿಗುವುದು ನಿಮ್ಮ ಬಾಯಿಂದಲೇ. ಯಾರಾದರೂ ಬಂದು ಕೇಳಿದರೆ ಬಾಗಿಲು ಹಾಕಿಕೊಳ್ಳಬೇಡಿ. ನನ್ನ ಚಿಕ್ಕಪ್ಪನ ಮಗ ಈಗ ಹಾಕಿಕೊಳ್ಳುವುದಿಲ್ಲ. ಕೇಳಿ ಬಂದವರನ್ನು ಕೂರಿಸಿಕೊಂಡು, ತಾನು ಅಂದು ಕೇಳದೇ ಬಿಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಬರೆಸಿ ಕಳಿಸುತ್ತಾನೆ.