ಹಸುವನ್ನು ದೂರುವ ಮೊದಲು ಕ್ಯಾನು ನೋಡಿ

ನಮ್ಮ ಕೊಟ್ಟಿಗೆಯಲ್ಲಿ ಭ್ರೂಣ ಹಾಕಿಸಿದ ಹಸು ಗಬ್ಬ ನಿಲ್ಲಲಿಲ್ಲ. "ನಿಮ್ಮ ಹಸುವಲ್ಲೇ ಏನೋ ದೋಷ ಸಾರ್" ಅಂದುಬಿಟ್ಟರು ಹಾಕಲು ಬಂದಿದ್ದವರು. ಇರಬಹುದು ಬಿಡಿ, ಸರಿಯಾಗಿ ಹಾಕಿದರೂ ಎಲ್ಲವೂ ನಿಲ್ಲುವುದಿಲ್ಲ ಅಂತ ನನಗೂ ಗೊತ್ತು. ಆದರೆ ಅವರು ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನಲ್ಲ!

ದ್ರವ ಸಾರಜನಕದ ಕ್ಯಾನು ಬಂದಿದ್ದು ಬೈಕಿನ ಹಿಂದೆ, ಓರೆಯಾಗಿ. ಅದು ನೆಟ್ಟಗೆ ನಿಂತೇ ಬರಬೇಕಾದ ಪಾತ್ರೆ. ಒಳಗೆಷ್ಟು ಉಳಿದಿದೆ ಅಂತ ಕಡ್ಡಿ ಇಳಿಸಿ ನೋಡಿದವರಿಲ್ಲ. ಒಂದು ಸ್ಟ್ರಾ ಹೊರಗೆತ್ತಿ, ಬಿಸಿಲಿಗೆ ಹಿಡಿದು ನಂಬರ್ ಓದಿ, "ಇದಲ್ಲ" ಅಂತ ಮತ್ತೆ ಮುಳುಗಿಸಿದರು. ಇನ್ನೊಂದು ಎತ್ತಿದರು. ಅದನ್ನೂ ಮುಳುಗಿಸಿ, ಮತ್ತೆ ಮೊದಲಿನದನ್ನೇ ತೆಗೆದರು!

ಸ್ವಾಮಿ, ಒಳಗೆ ಮೈನಸ್ 196 ಡಿಗ್ರಿ, ಹೊರಗೆ 30. ಕಾಲು ಮಿಲಿಲೀಟರಿನ ಸ್ಟ್ರಾ ಬೆಚ್ಚಗಾಗಲು ಕೆಲವೇ ಸೆಕೆಂಡು ಸಾಕು. ಮತ್ತೆ ಮುಳುಗಿಸಿದರೆ ಆದ ಹಾನಿ ವಾಪಸ್ ಬರುತ್ತಾ? ವೀರ್ಯದ ಸ್ಟ್ರಾ ಆದರೆ ಅದರಲ್ಲಿ ಕೋಟಿಗಟ್ಟಲೆ ವೀರ್ಯಾಣು, ಒಂದಷ್ಟು ಸತ್ತರೂ ಒಂದಷ್ಟು ಉಳಿಯುತ್ತವೆ. ಇಲ್ಲಿರೋದು ಏಳು ದಿನದ ಒಂದೇ ಒಂದು ಭ್ರೂಣ. ಇನ್ನು ಅದನ್ನು ಕರಗಿಸುವ ನೀರಿನ ಬಿಸಿ ನೋಡಿದ್ದು ಥರ್ಮಾಮೀಟರಿನಲ್ಲಲ್ಲ, ಬೆರಳು ಅದ್ದಿ!

2014ರಲ್ಲಿ ರಾಷ್ಟ್ರೀಯ ಗೋಕುಲ ಮಿಷನ್ ಶುರುವಾದಾಗಿನಿಂದ ಭ್ರೂಣದ ಲ್ಯಾಬುಗಳ ಫೋಟೋ ಪೇಪರಿನಲ್ಲಿ ನೋಡುತ್ತಲೇ ಇದ್ದೇವೆ. ಆ ಲ್ಯಾಬಿನ ಬಾಗಿಲಿಂದ ನನ್ನ ಕೊಟ್ಟಿಗೆಯವರೆಗಿನ ದಾರಿಯ ಫೋಟೋ ಯಾರೂ ಹಾಕಲ್ಲ. ಬೆದೆಗೆ ತರಿಸುವ ಇಂಜೆಕ್ಷನ್ನು, ಕಾದ ದಿನಗಳು, ಹಿಂಡಿ-ಬೂಸಾ ಎಲ್ಲ ನನ್ನ ಲೆಕ್ಕಕ್ಕೆ. ಕೊನೆಗೆ ಗೊಡ್ಡು ಅನ್ನೋ ಹೆಸರು ಹಸುವಿಗೆ.

ಮುಂದಿನ ಸಲ ಬಂದವರ ಕ್ಯಾನಿನ ಮುಚ್ಚಳ ತೆಗೆಸಿ, ಮಟ್ಟ ನೋಡಿಯೇ ಹಸು ಹಿಡಿದುಕೊಡೋದು. ಸಿಟ್ಟಾದರೆ ಆಗಲಿ.