ಐದೂವರೆ ಗಂಟೆ ಕೂಡಿಸಿದರೆ ಸಾಕೆ?

‘ದೇಶಕ್ಕೆಲ್ಲ ಒಂದೇ ಗಡಿಯಾರವಿರುವಾಗ ಕಾಲವಲಯಗಳ ಗೊಡವೆ ನಮಗೇಕೆ? ಗ್ರೀನಿಚ್ ವೇಳೆಗೆ ಐದೂವರೆ ಗಂಟೆ ಕೂಡಿಸಿದರೆ ಸಾಲದೆ?’ ಎಂದು ಕೇಳುವ ವಿದ್ಯಾರ್ಥಿಗಳುಂಟು. ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವವರಂತೂ ಈ ಐದೂವರೆಯನ್ನು ತಮ್ಮ ಲೆಕ್ಕದೊಳಗೆ ನೇರವಾಗಿ ಸೇರಿಸಿಬಿಡುತ್ತಾರೆ. ಇದು ಬಿಡತಕ್ಕ ಅಭ್ಯಾಸವೆಂಬುದು ನನ್ನ ಅಭಿಪ್ರಾಯ.

ಐದೂವರೆ ಎಲ್ಲಿಂದ ಬಂದಿತು? ಭೂಮಿಯು ಒಂದು ರೇಖಾಂಶದಷ್ಟು ತಿರುಗಲು ನಾಲ್ಕು ನಿಮಿಷ ಬೇಕು. ಪೂರ್ವ ರೇಖಾಂಶ 82½ ಅನ್ನು ಆಧಾರವಾಗಿಟ್ಟುಕೊಂಡರೆ 330 ನಿಮಿಷ, ಎಂದರೆ ಐದೂವರೆ ಗಂಟೆ. ಭಾರತದಲ್ಲಿ ಈ ವೇಳೆಯು 1906ರ ಜನವರಿ 1ರಂದು ಜಾರಿಗೆ ಬಂದಿತು. ಆದರೆ ಅದೂ ಅಚಲವಾಗಿ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ನಮ್ಮ ಗಡಿಯಾರಗಳು ಇನ್ನೂ ಒಂದು ಗಂಟೆ ಮುಂದೆ ನಡೆದುವು. 1943ರ ಘಟನೆಯೊಂದರ ವೇಳೆಯನ್ನು ಐದೂವರೆಯ ಲೆಕ್ಕದಿಂದ ಪರಿವರ್ತಿಸುವವನು ಒಂದು ಗಂಟೆಯಷ್ಟು ತಪ್ಪುವನು.

ಪರದೇಶಗಳ ಮಾತು ಇನ್ನೂ ತೊಡಕಿನದು. ಬೆಂಗಳೂರಿಗೂ ನ್ಯೂಯಾರ್ಕಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರವಿದ್ದರೆ, ಬೇಸಗೆಯಲ್ಲಿ ಒಂಬತ್ತೂವರೆ. ಸಮೋವಾ ದ್ವೀಪದವರು 2011ರ ಡಿಸೆಂಬರ್ 30ನೆಯ ದಿನವನ್ನೇ ಪಂಚಾಂಗದಿಂದ ಬಿಟ್ಟು ದಿನಾಂಕರೇಖೆಯ ಈಚೆಗೆ ಬಂದರು. ಲೆಬನಾನಿನ ಸರ್ಕಾರವು 2023ರ ಮಾರ್ಚಿನಲ್ಲಿ, ಬೇಸಗೆಯ ವೇಳೆಯನ್ನು ಮುಂದೂಡುವುದಾಗಿ ಕೆಲವೇ ದಿನ ಮೊದಲು ಸಾರಿ, ವಾರದೊಳಗೆ ಆ ಅಪ್ಪಣೆಯನ್ನು ಹಿಂತೆಗೆದುಕೊಂಡಿತು. ಇವುಗಳಿಗೆಲ್ಲ ಖಗೋಳಶಾಸ್ತ್ರದ ಸೂತ್ರವಿಲ್ಲ. ಇವು ಮನುಷ್ಯರ ತೀರ್ಮಾನಗಳು.

ಆದುದರಿಂದ ಇವನ್ನು ಯಾರಾದರೂ ಬರೆದಿಡಲೇಬೇಕು. ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಆರಂಭಿಸಿದ ಕಾಲವಲಯಗಳ ಕೋಷ್ಟಕವೇ ಇಂದು ಜಗತ್ತಿನ ಬಹುಪಾಲು ಗಣಕಗಳಿಗೆ ಆಧಾರ. ಅದರಲ್ಲಿ ನಮ್ಮ ವಲಯದ ಹೆಸರು ‘ಏಷ್ಯಾ/ಕೋಲ್ಕತಾ’. ಪೈಥಾನ್ ಭಾಷೆಯ ‘ಪೈಟಿಜೆಡ್’ನಂತಹ ಪುಟ್ಟ ಲೈಬ್ರರಿಗಳು ಈ ಕೋಷ್ಟಕವನ್ನು ಓದಿ, ಒಂದು ಊರಿನ ವೇಳೆಯನ್ನು ಇನ್ನೊಂದು ಊರಿನ ವೇಳೆಯಾಗಿ ಮಾರ್ಪಡಿಸಲು ನೆರವಾಗುತ್ತವೆ.

ಹಾಗೆಂದು ಕಣ್ಣುಮುಚ್ಚಿ ನಂಬಬಾರದು. ಪೈಟಿಜೆಡ್‌ನಲ್ಲಿ ‘ಲೋಕಲೈಜ್’ ಎಂಬ ವಿಧಾನವನ್ನು ಬಳಸದೆ, ವೇಳೆಯನ್ನು ರಚಿಸುವಾಗಲೇ ಕೋಲ್ಕತಾ ವಲಯವನ್ನು ನೇರವಾಗಿ ಅಂಟಿಸಿದರೆ ಅಂತರವು 5 ಗಂಟೆ 53 ನಿಮಿಷವೆಂದು ಬರುತ್ತದೆ! ಇದೇನು ವಿಚಿತ್ರ? ಕೋಲ್ಕತೆಯ ರೇಖಾಂಶವನ್ನು ನಾಲ್ಕರಿಂದ ಗುಣಿಸಿ ನೋಡಿರಿ: ಸುಮಾರು 353 ನಿಮಿಷ. ಅದು ಆ ಊರಿನ ಹಳೆಯ ಸ್ಥಳೀಯ ಸೌರವೇಳೆ. ಕೋಷ್ಟಕದ ಮೊದಲ ಸಾಲು. ಲೈಬ್ರರಿಯು ದಿನಾಂಕವನ್ನು ವಿಚಾರಿಸದೆ ಮೊದಲ ಸಾಲನ್ನೇ ಎತ್ತಿಕೊಡುತ್ತದೆ. 2020ರಲ್ಲಿ ಪೈಥಾನ್ ಭಾಷೆಯೊಳಗೇ ಸೇರಿಸಲ್ಪಟ್ಟ ‘ಜೋನ್‌ಇನ್ಫೊ’ದಲ್ಲಿ ಈ ತೊಡಕಿಲ್ಲ. ಆದರೆ 23 ನಿಮಿಷದ ಈ ತಪ್ಪನ್ನು ಕಂಡೊಡನೆ ಗುರುತಿಸಬಲ್ಲವನು, ಹಿಂದಿನ ಭೂಗೋಳವನ್ನು ತಿಳಿದ ವಿದ್ಯಾರ್ಥಿ ಮಾತ್ರ.

ನನ್ನ ಸಲಹೆ ಇಷ್ಟೆ. ವಲಯದ ನಿಯಮಗಳನ್ನು ನೀವೇ ಬರೆಯಹೋಗಬೇಡಿರಿ. ಕೋಷ್ಟಕವನ್ನೂ ಲೈಬ್ರರಿಯನ್ನೂ ಆಶ್ರಯಿಸಿರಿ, ಅವನ್ನು ಆಗಾಗ ಹೊಸದಾಗಿಸಿಕೊಳ್ಳಿರಿ. ನಡೆದುಹೋದ ಘಟನೆಯನ್ನು ವಿಶ್ವವೇಳೆಯಲ್ಲಿ ದಾಖಲಿಸಿರಿ. ಮುಂದಿನ ವರ್ಷದ ಸಭೆಯನ್ನಾದರೋ ಸ್ಥಳೀಯ ವೇಳೆಯಲ್ಲಿ, ವಲಯದ ಹೆಸರಿನೊಡನೆ ಬರೆದಿಡಿರಿ. ಏಕೆಂದರೆ ಅಷ್ಟರಲ್ಲಿ ಅಲ್ಲಿಯ ಸರ್ಕಾರ ಗಡಿಯಾರವನ್ನು ತಿರುಗಿಸಿರಬಹುದು. ಆಗ ವಿಶ್ವವೇಳೆಯನ್ನು ನಂಬಿ ಕುಳಿತವನು ಸಭೆಗೆ ಒಂದು ಗಂಟೆ ತಡವಾಗಿ ಹೋದಾನು.