ಪ್ರಾಸ್ಟೇಟ್ ಮಾತ್ರೆ ಅಗ್ಗವಾಯಿತು, ಆದರೂ ಅರ್ಧದಲ್ಲೇ ಬಿಡುವುದೇಕೆ?

2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಸೇರಿ 112 ರೂಪಾಯಿ ಇದ್ದ ಮಾತ್ರೆಯ ಸ್ಟ್ರಿಪ್ 105ಕ್ಕೆ ಬರುವ ಲೆಕ್ಕ. ಪ್ರಾಸ್ಟೇಟ್ ಗ್ರಂಥಿ ಊದಿ ವರ್ಷಗಟ್ಟಲೆ ಮಾತ್ರೆ ನುಂಗುವವರಿಗೆ ಸಣ್ಣದಾದರೂ ಒಳ್ಳೆಯ ಸುದ್ದಿಯೇ. ಆದರೆ ಮುಂಬೈಯ ಯಾವುದೇ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಗೊತ್ತು, ಗಂಡಸರು ಈ ಮಾತ್ರೆ ಬಿಡುವುದಕ್ಕೆ ದುಡ್ಡೊಂದೇ ಕಾರಣವಲ್ಲ. ಎದ್ದಾಗ ತಲೆ ಸುತ್ತಿತು, ತಿಂಗಳಾದರೂ ಗುಣ ಕಾಣಲಿಲ್ಲ, ಇಲ್ಲವೇ ದನಿ ತಗ್ಗಿಸಿ ಹೇಳುವ 'ಆ ವಿಷಯ'ದಲ್ಲಿ ಏನೋ ವ್ಯತ್ಯಾಸವಾಯಿತು. ಡಾಕ್ಟರರಿಗೆ ಹೇಳಲು ಸಂಕೋಚ, ಹೆಂಡತಿಗೆ ಹೇಳಲು ಇನ್ನೂ ಸಂಕೋಚ. ಸದ್ದಿಲ್ಲದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ಈ ಊರಿನ ಬದುಕು ತೊಂದರೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ 60 ಕಿಲೋಮೀಟರ್. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಅರವತ್ತು ದಾಟಿಯೂ ಹೋಟೆಲಿನ ಗಲ್ಲಾದಲ್ಲೋ ಅಂಗಡಿಯಲ್ಲೋ ದುಡಿಯುವ ನಮ್ಮ ಹಿರಿಯರು ಕಂಡುಕೊಂಡ ಉಪಾಯವೆಂದರೆ ಬೆಳಗ್ಗೆಯಿಂದ ನೀರೇ ಮುಟ್ಟದಿರುವುದು. ಇದು ತಿರುಗುಬಾಣ. ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಮಲಬದ್ಧತೆಯಾಗಿ ಮೂತ್ರದ ದಾರಿ ಮತ್ತಷ್ಟು ಒತ್ತುತ್ತದೆ. ಹೊರಡುವ ಎರಡು ಗಂಟೆ ಮೊದಲು ನೀರು, ಚಹಾ ಕಡಿಮೆ ಮಾಡಿ, ತಲುಪಿದ ಮೇಲೆ ಕುಡಿಯಿರಿ. ದಿನವಿಡೀ ಬಾಯಾರಿ ಕೂರಬೇಡಿ.

ಇನ್ನು ಮಾತ್ರೆಯ ವಿಷಯ. ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಔಷಧಗಳಿರುತ್ತವೆ, ಎಷ್ಟೋ ಸಲ ಎರಡೂ ಒಂದೇ ಕ್ಯಾಪ್ಸೂಲಿನೊಳಗೆ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಆಲ್ಫುಜೋಸಿನ್ ಮೊದಲ ಬಗೆ. ಇವು ಮೂತ್ರಕೋಶದ ಬಾಯಿಯ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವು ದಿನಗಳಲ್ಲೇ ವ್ಯತ್ಯಾಸ ತಿಳಿಯುತ್ತದೆ. ಎರಡನೆಯ ಬಗೆಯ ಫಿನಾಸ್ಟೆರೈಡ್ ಮತ್ತು ಡುಟಾಸ್ಟೆರೈಡ್ ಗ್ರಂಥಿಯನ್ನೇ ನಿಧಾನವಾಗಿ ಕುಗ್ಗಿಸುತ್ತವೆ. ಇದಕ್ಕೆ ಮೂರರಿಂದ ಆರು ತಿಂಗಳು ಬೇಕು. "ಒಂದು ತಿಂಗಳು ತಗೊಂಡೆ, ಏನೂ ಆಗಲಿಲ್ಲ" ಎಂದು ಬಿಡುವವರು ಬಿಡುವುದು ಬಹುಪಾಲು ಈ ಎರಡನೆಯದನ್ನು.

ಮೊದಲ ಬಗೆಯಲ್ಲಿ ರಕ್ತದೊತ್ತಡ ಸ್ವಲ್ಪ ಇಳಿಯಬಹುದು. ಬಿಪಿ ಮಾತ್ರೆಯೂ ಇದ್ದರೆ ರಾತ್ರಿ ಮೂತ್ರಕ್ಕೆಂದು ಧಡಕ್ಕನೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವ ಅಪಾಯವಿದೆ. ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಿ. ವಯಾಗ್ರಾ ಬಗೆಯ ಮಾತ್ರೆಯನ್ನು ಡಾಕ್ಟರರಿಗೆ ತಿಳಿಸದೆ ಇದರ ಜೊತೆ ತೆಗೆದುಕೊಳ್ಳುವುದು ಬೇಡವೇ ಬೇಡ. ಹಲವು ದಿನ ಬಿಟ್ಟಿದ್ದರೆ ಮತ್ತೆ ಶುರುಮಾಡುವ ಮೊದಲು ಕೇಳಿ.

ಈಗ 'ಆ ವಿಷಯ'. ಈ ಬಗೆಯ ಔಷಧ ತೆಗೆದುಕೊಳ್ಳುವ ಕೆಲವರಲ್ಲಿ ವೀರ್ಯ ಹೊರಗೆ ಬರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತದೆ. ಸಿಲೋಡೋಸಿನ್‌ನಲ್ಲಿ ಇದು ಹೆಚ್ಚು, ಔಷಧ ಪರೀಕ್ಷೆಗಳಲ್ಲಿ ಸುಮಾರು ಶೇ. 28 ಮಂದಿಗೆ ಹೀಗಾಗಿತ್ತು. ನೋಡಿ ಗಾಬರಿಯಾಗುವುದು ಸಹಜ, ಆದರೆ ದೇಹಕ್ಕೆ ಹಾನಿಯಿಲ್ಲ. ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ, ಬೇರೆ ಮಾತ್ರೆಗೆ ಬದಲಾಯಿಸಲೂಬಹುದು. ಎರಡನೆಯ ಬಗೆಯಲ್ಲಿ ಆಸಕ್ತಿ ಕುಂದುವುದು, ನಿಮಿರುವಿಕೆಯ ತೊಂದರೆ, ಎದೆ ಊದಿ ನೋಯುವುದು ಕೆಲವರಿಗೆ ಆಗುತ್ತದೆ. ಇದನ್ನು ಮೊದಲೇ ಎರಡು ವಾಕ್ಯದಲ್ಲಿ ಹೇಳಿಬಿಟ್ಟರೆ ಎಷ್ಟು ಜನ ಮಾತ್ರೆ ಬಿಡದೆ ಉಳಿಯುತ್ತಿದ್ದರೋ. ಗದ್ದಲದ ಓಪಿಡಿಯಲ್ಲಿ, ಹಿಂದಿ-ಮರಾಠಿಯ ನಡುವೆ, ಮಗಳು ಪಕ್ಕದಲ್ಲಿ ನಿಂತಿರುವಾಗ ಈ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಜೊತೆಗೆ ಹೋದವರು ಐದು ನಿಮಿಷ ಹೊರಗೆ ನಿಂತರೆ ಅದೇ ದೊಡ್ಡ ಸಹಾಯ.

2025ರ ಮೇ ತಿಂಗಳಲ್ಲಿ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿಯ ಸುರಕ್ಷತಾ ಸಮಿತಿ ಇನ್ನೊಂದು ಮಾತು ಹೇಳಿತು: ಆತ್ಮಹತ್ಯೆಯ ಯೋಚನೆ ಬರುವುದು ಫಿನಾಸ್ಟೆರೈಡ್ ಮಾತ್ರೆಯ ಅಡ್ಡಪರಿಣಾಮ. ಈ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿಯುವಾಗ ಅರ್ಧ ಮಾತು ಉದುರಿಹೋಗುತ್ತದೆ. ವರದಿಯಾದ ಹೆಚ್ಚಿನ ಪ್ರಕರಣಗಳು ಕೂದಲು ಉದುರುವುದಕ್ಕೆ ಕೊಡುವ 1 ಮಿಲಿಗ್ರಾಂ ಮಾತ್ರೆಯವು, ಪ್ರಾಸ್ಟೇಟ್‌ಗೆ ಕೊಡುವ 5 ಮಿಲಿಗ್ರಾಂನವಲ್ಲ. ಡುಟಾಸ್ಟೆರೈಡ್ ಬಗ್ಗೆ ಅಷ್ಟು ಸಾಕ್ಷ್ಯ ಸಿಗದಿದ್ದರೂ ಮುನ್ನೆಚ್ಚರಿಕೆಯಾಗಿ ಅದರ ಮಾಹಿತಿಯಲ್ಲೂ ಸೇರಿಸಲು ಹೇಳಿದರು. ಔಷಧದ ಲಾಭವೇ ಹೆಚ್ಚು ಎಂಬ ತೀರ್ಮಾನ ಬದಲಾಗಲಿಲ್ಲ. ಆದ್ದರಿಂದ ಹೆದರಿ ಸ್ಟ್ರಿಪ್ ಎಸೆಯಬೇಡಿ. ಆದರೆ ಮನೆಯ ಹಿರಿಯರು ಮಂಕಾಗಿ ಕೂರತೊಡಗಿದರೆ, ಬದುಕು ಸಾಕು ಎನ್ನತೊಡಗಿದರೆ, "ವಯಸ್ಸಾಯ್ತು" ಎಂದು ತಳ್ಳಿಹಾಕದೆ ಕೂಡಲೇ ಡಾಕ್ಟರರಿಗೆ ತಿಳಿಸಿ.

ಡಾಕ್ಟರರಿಗೆ ಹೇಳಲೇಬೇಕಾದ ಎರಡು ಸಂದರ್ಭಗಳಿವೆ. ಕಣ್ಣಿನ ಪೊರೆಯ ಆಪರೇಷನ್‌ಗೆ ಮೊದಲು ಟ್ಯಾಮ್ಸುಲೋಸಿನ್ ತೆಗೆದುಕೊಂಡದ್ದನ್ನು, ಈಗ ನಿಲ್ಲಿಸಿದ್ದರೂ, ಹೇಳಿ. ಅದರಿಂದ ಕಣ್ಣಿನ ಪಾಪೆ ಸಡಿಲವಾಗಿ ಆಪರೇಷನ್ ತೊಡಕಾಗಬಹುದು. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಾಗಿರುತ್ತಾರೆ. ಪಿಎಸ್ಎ ರಕ್ತಪರೀಕ್ಷೆ ಮಾಡಿಸುವಾಗ ಎರಡನೆಯ ಬಗೆಯ ಮಾತ್ರೆಯ ವಿಷಯ ಹೇಳಿ. ಆರು ತಿಂಗಳಲ್ಲಿ ಅದು ಪಿಎಸ್ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕಾಗಬಹುದು. ಇದು ತಿಳಿಯದೆ ಕ್ಯಾನ್ಸರಿನ ಸುಳಿವು ಕೈತಪ್ಪಬಾರದು. ಮನೆಯಲ್ಲಿ ಗರ್ಭಿಣಿಯಿದ್ದರೆ ಒಡೆದ ಮಾತ್ರೆ, ಸೋರುವ ಕ್ಯಾಪ್ಸೂಲನ್ನು ಅವರು ಮುಟ್ಟಬಾರದು.

ಮಳೆಗಾಲದಲ್ಲಿ ನೆಗಡಿಯಾದರೆ ಅಂಗಡಿಯಲ್ಲಿ ತಾವೇ ಕೇಳಿ ಮಾತ್ರೆ ತೆಗೆದುಕೊಳ್ಳುವ ರೂಢಿ ಇಲ್ಲಿ ಬಹಳ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆಗಳಿಂದ ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. "ನನಗೆ ಪ್ರಾಸ್ಟೇಟ್ ಇದೆ" ಎಂದು ಕೌಂಟರಿನಲ್ಲಿ ಹೇಳಿದರೆ ಸಾಕು, ಬೇರೆಯದು ಕೊಡುತ್ತೇವೆ. ಮೂತ್ರ ನಿಂತು ಕೆಳಹೊಟ್ಟೆ ಉಬ್ಬಿ ನೋಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ಕೆಇಎಂ, ಸಯನ್, ನಾಯರ್, ಕೂಪರ್, ಹತ್ತಿರ ಯಾವುದಿದೆಯೋ ಅಲ್ಲಿನ ತುರ್ತು ವಿಭಾಗಕ್ಕೆ ರಾತ್ರಿಯೇ ಹೋಗಿ, ಮಾತ್ರೆಯ ಸ್ಟ್ರಿಪ್ ಜೇಬಿನಲ್ಲಿರಲಿ.